ಬೇಡ ಎಂದು ಹೇಳಿ ಮಾರುವವನು

ಸ್ವಲ್ಪ ಕೂತುಕೊಳ್ಳಿ, ಇದನ್ನು ಕೊನೆಯವರೆಗೂ ಕೇಳಿಕೊಂಡೇ ಹೋಗಿ. ಅರ್ಧಕ್ಕೆ ಎದ್ದುಬಿಟ್ಟರೆ ಈ ಮನುಷ್ಯ ಭಾರೀ ಜಾಣ ಅನ್ನಿಸಿಬಿಡುತ್ತಾನೆ. ಅರ್ಧದವರೆಗೆ ಅವನಿಗೂ ಹಾಗೇ ಅನ್ನಿಸಿತ್ತು.

ಅವನು ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ. ಅಂಗಡಿಯವರು ಅವನಿಗೆ ಇಟ್ಟಿದ್ದ ಹೆಸರು ಬೇಡಪ್ಪ. ಉಳಿದವರೆಲ್ಲ ‘ತಗೊಳ್ಳಿ ಸಾರ್, ತಗೊಳ್ಳಿ ಮೇಡಂ’ ಎಂದು ಗಂಟಲು ಹರಿದುಕೊಂಡು ಮಾರಿದರೆ, ಇವನು ‘ಬೇಡ’ ಎಂದು ಹೇಳಿಯೇ ಮಾರುತ್ತಿದ್ದ. ಗಿರಾಕಿ ಬಂದರೆ ಮೊದಲು ಮಲಗಿಸುತ್ತಿದ್ದ. ಚಪ್ಪಲಿ ಬಿಚ್ಚಿಸಿ, ತಲೆದಿಂಬು ಸರಿಮಾಡಿ, ತಾನು ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತುಬಿಡುತ್ತಿದ್ದ. ಆಮೇಲೆ ಮೆಲ್ಲಗೆ, “ಬೆಳಿಗ್ಗೆ ಎದ್ದಾಗ ಬೆನ್ನು ಹೇಗಿರುತ್ತೆ?” ಅಷ್ಟೇ ಪ್ರಶ್ನೆ. ಬೆನ್ನು ನೋವಿಲ್ಲದ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿದ್ದಾನೆಯೇ? ಗಿರಾಕಿ ತನ್ನ ಬೆನ್ನಿನ ಪುರಾಣ ಬಿಚ್ಚುತ್ತಿದ್ದ. ಎಲ್ಲ ಕೇಳಿ ಇವನು ನಿಟ್ಟುಸಿರು ಬಿಟ್ಟು, “ಇದು ನಿಮಗೆ ಬೇಡ ಬಿಡಿ. ಸದ್ಯಕ್ಕೆ ಹಳೇದೇ ಸಾಕು” ಅನ್ನುತ್ತಿದ್ದ.

ಅಲ್ಲಿಗೆ ಆಟ ಶುರು. “ಯಾಕ್ರೀ ಬೇಡ? ಹಳೇದ್ರಲ್ಲಿ ನಿದ್ದೇನೇ ಬರಲ್ಲ ಅಂತ ಈಗ ತಾನೇ ಹೇಳಿದ್ನಲ್ಲ!” ಎಂದು ಗಿರಾಕಿಯೇ ಜಗಳಕ್ಕೆ ನಿಲ್ಲುತ್ತಿದ್ದ. ಇವನು ಇನ್ನೊಂದು ಸಲ ಬೇಡ ಅನ್ನುತ್ತಿದ್ದ. ಗಿರಾಕಿ ಬೇಕು ಎಂಬುದಕ್ಕೆ ಇನ್ನೊಂದು ಕಾರಣ ಕೊಡುತ್ತಿದ್ದ. ಕೊನೆಗೆ ಗೆದ್ದ ಮುಖ ಹೊತ್ತು ಹಾಸಿಗೆಯನ್ನು ಗಾಡಿಗೆ ಹಾಕಿಸುತ್ತಿದ್ದ.

“ಬೋಳುತಲೆಯೋನಿಗೆ ಬಾಚಣಿಗೆ ಮಾರೋ ಜಾತಿ ನೀನು” ಎಂದು ಮಾಲೀಕ ನಗುತ್ತಿದ್ದ.

“ಮಾರೋದಿಲ್ಲ ಸಾರ್. ನಿಮಗೆ ಬಾಚಣಿಗೆ ಯಾಕೆ ಬಿಡಿ ಅಂತೀನಿ. ಅವರೇ ಕಿತ್ಕೊಂಡು ಹೋಗ್ತಾರೆ.”

ಚಹಾ ಹೊತ್ತಿನಲ್ಲಿ ಹೊಸಬರಿಗೆ ಅವನು ಪಾಠ ಹೇಳುತ್ತಿದ್ದ. “ನಾವು ಹೇಳಿದ್ದನ್ನ ಜನ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ಅವರ ಬಾಯಿಂದಾನೇ ಬಂದ ಮಾತನ್ನ ಮಾತ್ರ ಸಾಯೋತನಕ ಬಿಡಲ್ಲ. ನಾವು ತಲೆ ತಿಂದು ಮಾರಿದ ಹಾಸಿಗೆ ಮುಂದಿನ ವಾರ ವಾಪಸ್ ಬರುತ್ತೆ. ತಾನೇ ಹಟ ಮಾಡಿ ತಗೊಂಡಿದ್ದು ಬರೋದೇ ಇಲ್ಲ. ಸೊಂಟ ಮುರಿದ್ರೂ ‘ಆಹಾ, ಏನು ನಿದ್ದೆ!’ ಅಂತ ಪಕ್ಕದ ಮನೆಯವರಿಗೆ ಹೇಳ್ಕೊಂಡು ತಿರುಗ್ತಾರೆ.”

ಈಗ ಅವನ ಅಕ್ಕನ ವಿಷಯಕ್ಕೆ ಬರೋಣ. ಅಕ್ಕ ಸಿಟಿ ಬಸ್ ಓಡಿಸುತ್ತಿದ್ದಳು. ಅಷ್ಟು ಉದ್ದದ ಬಸ್ಸನ್ನು ಕಿರಿದಾದ ತಿರುವಿನಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ತೂರಿಸುತ್ತಿದ್ದಳು. ಓಡಿ ಬರುವ ಮುದುಕರಿಗೆ ನಿಲ್ಲಿಸುತ್ತಿದ್ದಳು, ಓಡಿ ಬರುವ ಹುಡುಗರಿಗೆ, “ಬೇಗ ಏಳೋಕೇನು ರೋಗ?” ಎಂದು ಬೈದು ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಎಲ್ಲರ ಮಾತಿಗೂ ಹೂಂ ಅನ್ನುವ ಹೆಂಗಸು, ಸ್ಟೀರಿಂಗ್ ಹಿಂದೆ ಕೂತರೆ ಬೇರೆಯೇ. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಬಾಯಲ್ಲಿ ಯಾವುದೋ ಗುನುಗು.

ಒಂದು ದಿನ ಸೈಕಲ್ಲಿನವನೊಬ್ಬ ಪಕ್ಕದ ಸಂದಿಯಿಂದ ದಿಢೀರನೆ ಅಡ್ಡ ಬಂದ. ಅಕ್ಕ ಬ್ರೇಕ್ ಒತ್ತಿದಳು. ಸೈಕಲ್ಲಿನವನಿಗೆ ಗೀರೂ ಆಗಲಿಲ್ಲ. ಆದರೆ ಒಳಗೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ತನಿಖೆ ಮುಗಿಯುವವರೆಗೆ ಮನೆಯಲ್ಲಿರು ಎಂದರು ಡಿಪೋದವರು.

ಅಷ್ಟು ಸಾಕಾಯಿತು. ಅಮ್ಮನಿಗೆ ಮೊದಲಿನಿಂದಲೂ ಈ ಕೆಲಸ ಅಂದರೆ ಹೊಟ್ಟೆಯಲ್ಲಿ ಬೆಂಕಿ. ಭಾವನಿಗೂ ಅಷ್ಟೇ. ಡಿಪೋದಲ್ಲೇ ಕೂತು ಮಾಡುವ ಕೆಲಸ ಒಂದಿತ್ತು, ಪ್ರಯಾಣಿಕರು ಮರೆತುಹೋದ ಸಾಮಾನು ನೋಡಿಕೊಳ್ಳುವ ಕೋಣೆ. ಅದನ್ನು ಕೇಳು ಎಂದು ಇಬ್ಬರೂ ಹಿಂದೆ ಬಿದ್ದರು. ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಿನ್ನ ಮಾತಿಗೆ ಕಲ್ಲೂ ಕರಗುತ್ತೆ ಅಂತಾರಲ್ಲ” ಎಂದರು ಅಮ್ಮ ಮಗನಿಗೆ. “ಹಾಸಿಗೆ ಮಾರೋಕೆ ಮಾತ್ರಾನಾ ಆ ನಾಲಿಗೆ? ಒಂದ್ಸಲ ಅವಳಿಗೂ ಹೇಳು ಮಗಾ. ಅವಳು ಮನೆಗೆ ಬರೋತನಕ ನನ್ನ ಜೀವ ಬಾಗಿಲಲ್ಲೇ ಇರುತ್ತೆ.”

ಬಾಗಿಲಿಗೆ ಒರಗಿ ನಿಂತಿದ್ದ ಭಾವ ಕೆಣಕಿದ. “ಬಿಡಿ ಅತ್ತೆ, ಇವನ ಕೈಲಿ ಆಗಲ್ಲ. ಗಿರಾಕೀನ ಬೀಳಿಸ್ಬಹುದು, ಅಕ್ಕನ್ನ ಬೀಳಿಸೋಕಾಗುತ್ತಾ?”

ಇವನಿಗೂ ಅಕ್ಕನ ಬಗ್ಗೆ ಭಯವಿತ್ತು, ಸುಳ್ಳಲ್ಲ. ಆದರೆ ಅವನನ್ನು ಎಬ್ಬಿಸಿದ್ದು ಆ ಭಯವಲ್ಲ, ಭಾವನ ಮಾತು. ಆಗೋದಿಲ್ಲವಾ? ನೋಡೇಬಿಡೋಣ, ಅಂದುಕೊಂಡ.

ಅವನು ಹೋದಾಗ ಅಕ್ಕ ಯೂನಿಫಾರ್ಮಿನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಕೆಲಸಕ್ಕೆ ಕರೆದಿರಲಿಲ್ಲ, ಆದರೂ ಹಾಕುತ್ತಿದ್ದಳು.

“ಬಂದ್ಯಾ? ಅಮ್ಮ ಕಳ್ಸಿದ್ರಾ?”

“ಕಳ್ಸಿದ್ರು. ನಾನು ಹೇಳಲ್ಲ ಅಂತ ಹೇಳಿ ಬಂದೆ” ಎಂದ. “ಅಕ್ಕ, ನೀನು ಬಸ್ ಬಿಡ್ಬೇಡ.”

ಅಕ್ಕ ತಲೆ ಎತ್ತಿ ನೋಡಿದಳು. ಅವಳ ಮುಖ ಹಗುರಾಯಿತು. “ಅಬ್ಬಾ, ಒಬ್ಬನಾದ್ರೂ ಸಿಕ್ಕಿದ! ಕೂತ್ಕೋ, ಚಹಾ ಮಾಡ್ತೀನಿ.”

“ಚಹಾ ಇರ್ಲಿ. ಅವತ್ತು ಬ್ರೇಕ್ ಒತ್ತಿದಾಗ ಏನನ್ನಿಸ್ತು?”

“ಏನನ್ನಿಸುತ್ತೆ? ಒತ್ತಿದೆ ಅಷ್ಟೇ. ಯೋಚ್ನೆ ಮಾಡೋಕೆ ಟೈಮ್ ಇರುತ್ತಾ?”

“ಆಮೇಲೆ?”

“ಆಮೇಲೆ... ಕಾಲು ಸ್ವಲ್ಪ ನಡುಗ್ತು.”

ಅವನು ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಹಾಸಿಗೆಯ ಪಕ್ಕ ನಿಲ್ಲುವ ಹಾಗೆಯೇ ಸುಮ್ಮನೆ ಇದ್ದ. ಈ ಸುಮ್ಮನಿರುವುದಿದೆಯಲ್ಲ, ಅದು ದೊಡ್ಡ ವಿದ್ಯೆ. ಎದುರಿಗಿರುವವರು ಅದನ್ನು ತುಂಬದೆ ಇರಲಾರರು.

“ಸ್ವಲ್ಪ ಅಲ್ಲ, ಜಾಸ್ತೀನೇ ನಡುಗ್ತು” ಎಂದಳು ಅಕ್ಕ. “ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ಯಾರಿಗೂ ಹೇಳಿಲ್ಲ, ನೀನೂ ಹೇಳ್ಬೇಡ.”

“ಹೇಳಲ್ಲ. ಅದೆಲ್ಲ ತಲೆಗೆ ಹಾಕ್ಕೋಬೇಡ, ನೀನು ಓಡಿಸು. ನಾಳೆ ಏನಾದ್ರೂ ಆದ್ರೆ ಆಗ ನೋಡ್ಕೊಂಡ್ರಾಯ್ತು.”

“ಏನಾದ್ರೂ ಅಂದ್ರೆ?”

“ಏನಿಲ್ಲ ಬಿಡಕ್ಕ.”

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಏನಿಲ್ಲ ಅಂದ್ರೆ ಹೇಗೆ? ಇವತ್ತು ಮಣಿಕಟ್ಟು. ನಾಳೆ ಯಾರದ್ದಾದ್ರೂ ಮಗು ಬಿದ್ರೆ?”

“ಛೇ, ಹಾಗೆಲ್ಲ ಅನ್ನಬೇಡ. ನೀನು ಬಿಡಬಾರದು.”

“ನಿನಗೇನು, ಬಾಯಿಮಾತಲ್ಲಿ ಹೇಳ್ತೀಯ! ಕಾಲು ನಡುಗೋದು ನಂದು. ಅಷ್ಟು ಜನರನ್ನ ಬೆನ್ನ ಹಿಂದೆ ಕೂರಿಸ್ಕೊಂಡು ಹೋಗೋದು ಅಂದ್ರೇನು ಅಂತ ಗೊತ್ತಾ ನಿನಗೆ? ನಡುಗೋ ಕಾಲಲ್ಲಿ ಓಡಿಸಿದ್ರೆ ಅದು ಪಾಪ.”

ಅವನು ಇನ್ನೊಂದು ಸಲ ಬಿಡಬೇಡ ಎಂದ. ಅವಳು ಇನ್ನೊಂದು ಕಾರಣ ಕೊಟ್ಟಳು. ಮತ್ತೆ ಎಂದ. ಮತ್ತೆ ಕೊಟ್ಟಳು. ಕಣ್ಣು ಮೊದಲಿನ ಹಾಗಿಲ್ಲ ಎಂದಳು, ವಯಸ್ಸಾಯಿತು ಎಂದಳು. ಕೊನೆಗೆ ಶರ್ಟನ್ನು ಮಡಚಿಟ್ಟು, “ಬಿಟ್ಬಿಡ್ತೀನಿ” ಎಂದಳು. “ಯಾರು ಹೇಳಿದ್ದಕ್ಕೂ ಅಲ್ಲ. ನಾನೇ ಬಿಡ್ತೀನಿ.”

ಆ ಕ್ಷಣ ಅವನ ಮೈಯಲ್ಲಿ ಒಂದು ಸಣ್ಣ ಜುಂ ಓಡಿತು. ಗಿರಾಕಿ ಹಾಸಿಗೆಯ ಮೇಲೆ ಇನ್ನೊಂದು ಸಲ ಕೈಯಾಡಿಸಿದಾಗ ಓಡುತ್ತದಲ್ಲ, ಅದೇ ಜುಂ. ಎಷ್ಟೋ ತಿಂಗಳ ಮೇಲೂ ಅವನಿಗೆ ಮರೆಯಲಾಗದ್ದು ಅದೊಂದೇ. ಅಕ್ಕ ತನ್ನ ಕೆಲಸ ಬಿಡುತ್ತೇನೆ ಎಂದಾಗ ತನಗೆ ಖುಷಿಯಾಗಿತ್ತು. ಅಕ್ಕ ಬದುಕಿಕೊಂಡಳು ಎಂಬ ಖುಷಿಯೂ ಅಲ್ಲ, ಮಾತು ಕೆಲಸ ಮಾಡಿತು ಎಂಬ ಖುಷಿ.

ಅಮ್ಮ ಅವನ ತಲೆ ಸವರಿದರು. ಭಾವ ಕೈ ಮುಗಿದು, “ಗುರುಗಳೇ, ತಪ್ಪಾಯ್ತು” ಎಂದ. ಅಕ್ಕ ಮರೆತ ಸಾಮಾನಿನ ಕೋಣೆಗೆ ಹೋಗಿ ಕೂತಳು.

ಕಿಟಕಿ ಇಲ್ಲದ ಕೋಣೆ ಅದು. ಗೋಡೆ ತುಂಬಾ ಕಬ್ಬಿಣದ ಕಪಾಟು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಬೂಟು, ಯಾರದ್ದೋ ಹಲ್ಲಿನ ಸೆಟ್ಟು. “ಹಲ್ಲು ಮರೆತು ಹೇಗಪ್ಪಾ ಇಳೀತಾರೆ? ಬಾಯಿ ಮುಚ್ಕೊಂಡೇ ಇಳಿದಿರ್ಬೇಕು” ಎಂದು ನೋಡಲು ಹೋದ ತಮ್ಮನ ಹತ್ತಿರ ಅಕ್ಕ ಜೋಕು ಮಾಡಿದಳು. ಅವನೂ ನಕ್ಕ. ಆದರೆ ಹೊರಗೆ ಬಸ್ಸೊಂದು ಸ್ಟಾರ್ಟ್ ಆದರೆ ಸಾಕು, ಅವಳ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಸದ್ದು ಗೇಟು ದಾಟಿದ ಮೇಲೆ, “ಹಾಂ, ಏನು ಹೇಳ್ತಿದ್ದೆ?” ಅನ್ನುತ್ತಿದ್ದಳು.

ಒಂದು ಸಂಜೆ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಮನೆಗೆ ಹೊರಟರು. ಸೀಟು ಖಾಲಿ ಇದ್ದರೂ ಅಕ್ಕ ಕೂರಲಿಲ್ಲ. ಹಿಂದೆ ಹೋಗಿ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮುಂದೆ ಯಾವನೋ ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಇವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಹಣೆಯಲ್ಲಿ ಬೆವರು.

“ಅಕ್ಕ, ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ಈ ರಸ್ತೆ ನೋಡೋಕಾಗಲ್ಲ ನನಗೆ, ಅಷ್ಟೇ. ಒಳ್ಳೇ ಟೈಮಲ್ಲಿ ಬಿಟ್ಟೆ ನೋಡು.”

ಸ್ವಲ್ಪ ನಡುಗಿ ಒಂದು ವಾರದಲ್ಲಿ ತಾನಾಗೇ ನಿಲ್ಲಬೇಕಿದ್ದ ಕಾಲು ಅದು. ಆ ನಡುಕಕ್ಕೆ ಅವನು ಹಾಸಿಗೆ ಹಾಸಿ, ದಿಂಬು ಕೊಟ್ಟು ಮಲಗಿಸಿಬಿಟ್ಟಿದ್ದ. ಅದಿನ್ನು ಎದ್ದು ಹೋಗುವ ಹಾಗೆ ಕಾಣಲಿಲ್ಲ.

ಆಮೇಲೆ ತನಿಖೆ ಮುಗಿಯಿತು. ಬಸ್ಸಿನ ಕ್ಯಾಮೆರಾದಲ್ಲಿ ಎಲ್ಲ ಕಂಡಿತ್ತು. ಡಿಪೋ ಅಧಿಕಾರಿ ಅಕ್ಕನನ್ನು ಕರೆದು, “ಅಮ್ಮಾ, ಅರೆಕ್ಷಣ ತಡ ಆಗಿದ್ರೂ ಆ ಸೈಕಲ್ಲಿನವನು ಉಳೀತಿರಲಿಲ್ಲ. ನಿಮ್ಮ ಕಾಲೇ ಅವನನ್ನ ಉಳಿಸಿದ್ದು. ವಾಪಸ್ ಬನ್ನಿ. ಶುಕ್ರವಾರದೊಳಗೆ ಹೇಳ್ಬಿಡಿ, ಆಮೇಲೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಹಾಕ್ಬೇಕಾಗುತ್ತೆ” ಎಂದರು.

ಅಕ್ಕ ಅದನ್ನು ಯಾರದ್ದೋ ಮನೆಯ ಸುದ್ದಿ ಎಂಬಂತೆ ತಮ್ಮನಿಗೆ ಹೇಳಿದಳು. ಇನ್ನೂ ಕಾಲ ಮಿಂಚಿಲ್ಲ ಅಂದುಕೊಂಡ. ಕಟ್ಟಿದ ಗಂಟನ್ನು ಬಿಚ್ಚುವುದಕ್ಕೆ ಅವನಿಗೆ ಗೊತ್ತಿದ್ದದ್ದು ಕಟ್ಟಿದ ವಿದ್ಯೆಯೊಂದೇ.

“ಹೋಗ್ಬೇಡ ಅಕ್ಕ, ಇಲ್ಲೇ ಆರಾಮಾಗಿರು” ಎಂದ. ಈಗ ಜಗಳಕ್ಕೆ ನಿಲ್ಲುತ್ತಾಳೆ ಎಂದು ಕಾದ.

“ಅದೇ ನಾನೂ ಹೇಳೋದು” ಎಂದಳು ಅಕ್ಕ.

ಉಪಾಯ ನೆಲ ಕಚ್ಚಿತು. ಕೊನೆಗೆ ಎಲ್ಲರೂ ಮಾತಾಡುವ ಹಾಗೆ ನೇರವಾಗಿಯೇ, “ಹೋಗಕ್ಕ, ನಿನ್ನ ಹಾಗೆ ಓಡಿಸೋರು ಇಲ್ಲ” ಎಂದು ಬೇಡಿಕೊಂಡ. ಅಕ್ಕನಿಗೆ ಸಿಟ್ಟು ಬಂತು. “ಆ ಅಧಿಕಾರಿಗೇನು ಗೊತ್ತು, ನಿನಗೇನು ಗೊತ್ತು? ನನ್ನ ಕಾಲು ನನಗೆ ಗೊತ್ತು. ಸುಮ್ನಿರು.” ಹಟ ಮಾಡಿ ತೆಗೆದುಕೊಂಡ ಹಾಸಿಗೆ ವಾಪಸ್ ಬರುವುದಿಲ್ಲ ಎಂದು ಪಾಠ ಹೇಳಿದವನು ಅವನೇ ಅಲ್ಲವೇ? ಆ ಪಾಠ ಅವನ ಗಂಟಲಿಗೇ ಸಿಕ್ಕಿಕೊಂಡಿತು.

ಉಳಿದದ್ದು ಒಂದೇ ದಾರಿ. ಅವತ್ತು ನಿನ್ನ ಬಾಯಲ್ಲಿ ಆ ಮಾತು ಬರಿಸಿದ್ದು ನಾನು ಎಂದು ಹೇಳಿಬಿಡುವುದು.

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ರಜೆ ಹಾಕಿ ಅವಳ ಕೋಣೆಗೆ ಹೋದ. ಅಕ್ಕ ಒಂದು ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತುತ್ತಿದ್ದಳು.

“ಅಕ್ಕ, ನಿನಗೊಂದು ಹೇಳ್ಬೇಕು.”

“ನನಗೂ ಒಂದು ಹೇಳ್ಬೇಕು ನಿನಗೆ, ಮೊನ್ನೆ ಸುಮ್ಮನೆ ಬೈದೆ” ಎಂದಳು. ಕೊಡೆ ಕೆಳಗಿಟ್ಟಳು. “ನೋಡು, ಚಿಕ್ಕವಳಿದ್ದಾಗಿಂದ ಎಲ್ಲ ಬೇರೆಯವರು ಹೇಳಿದ್ದೇ ಮಾಡಿದ್ದು ನಾನು. ಅಮ್ಮ ಹೇಳಿದ ಸ್ಕೂಲು, ಅಮ್ಮ ತೋರ್ಸಿದ ಗಂಡು, ನಿಮ್ಮ ಭಾವ ಹೇಳಿದ ಮನೆ. ಬಸ್ ಹತ್ತಿದ್ದೊಂದು ನನ್ನಿಷ್ಟ. ಇಳಿದಿದ್ದೂ ನನ್ನಿಷ್ಟ. ಬೇರೆ ಯಾರೋ ಇಳಿಸಿದ್ರೆ ನಾನು ಸತ್ತೇ ಹೋಗ್ತಿದ್ದೆ. ಅವತ್ತು ಎಲ್ಲರೂ ಬಿಡು ಬಿಡು ಅಂತಿದ್ದಾಗ ಬಿಡ್ಬೇಡ ಅಂದಿದ್ದು ನೀನೊಬ್ಬನೇ. ಅದನ್ನ ನಾನು ಮರೆತಿಲ್ಲ.”

ಹೇಳಿದರೆ ಅವಳು ಬಸ್ಸಿಗೆ ವಾಪಸ್ ಹೋಗುತ್ತಾಳೋ ಇಲ್ಲವೋ ಗೊತ್ತಿಲ್ಲ. ತನ್ನಿಷ್ಟ ಎಂದು ಹಿಡಿದುಕೊಂಡ ಆ ಒಂದು ಕಂಬವೂ, ನಂಬಿದ ಒಬ್ಬ ತಮ್ಮನೂ ಕೈತಪ್ಪುವುದಂತೂ ಖಂಡಿತ. ಹೇಳದಿದ್ದರೆ ಅವಳು ಈ ಕಿಟಕಿ ಇಲ್ಲದ ಕೋಣೆಯಲ್ಲೇ ಉಳಿಯುತ್ತಾಳೆ.

“ನೀನೇನು ಹೇಳ್ಬೇಕಿತ್ತು?” ಎಂದಳು ಅಕ್ಕ, ಫೋನ್ ಕೈಗೆತ್ತಿಕೊಳ್ಳುತ್ತಾ. “ತಾಳು, ಅಧಿಕಾರಿಗೆ ಬರಲ್ಲ ಅಂತ ಹೇಳಿ ಮುಗಿಸ್ಬಿಡ್ತೀನಿ. ಆಮೇಲೆ ಹೇಳುವೆಯಂತೆ.”

ಫೋನ್ ಕಿವಿಗಿಟ್ಟಳು. ಆ ಕಡೆ ರಿಂಗ್ ಆಗುವುದು ಅವನಿಗೂ ಕೇಳಿಸುತ್ತಿತ್ತು. ಒಮ್ಮೆ ಬಾಯಿ ತೆರೆದ. ಅಕ್ಕ ಹುಬ್ಬೆತ್ತಿ ಏನು ಎಂದು ಕೇಳಿದಳು. ಅವನು ಏನಿಲ್ಲ ಎಂದು ತಲೆಯಾಡಿಸಿದ.

“ಹಲೋ ಸಾರ್” ಎಂದಳು ಅಕ್ಕ. “ಇಲ್ಲ ಸಾರ್, ಬರಲ್ಲ. ಯೋಚ್ನೆ ಮಾಡೇ ಹೇಳ್ತಿದ್ದೀನಿ.”

ಈಗಲೂ ಅವನು ಹಾಸಿಗೆ ಮಾರುತ್ತಾನೆ. ಆದರೆ ಗಿರಾಕಿ ಕೇಳಿದ್ದಕ್ಕೆ ಹೌದು ಇಲ್ಲ ಅಷ್ಟೇ ಉತ್ತರ. ಮಾರಾಟ ಬಿದ್ದುಹೋಗಿದೆ, ನಿನ್ನ ನಾಲಿಗೆಗೆ ಏನಾಯ್ತೋ ಎಂದು ಮಾಲೀಕ ಗೊಣಗುತ್ತಾನೆ. ಅಕ್ಕ ಸಿಕ್ಕಾಗಲೆಲ್ಲ, “ಅವತ್ತು ಏನೋ ಹೇಳ್ಬೇಕು ಅಂದಿದ್ದೆಯಲ್ಲ?” ಎನ್ನುತ್ತಾಳೆ. ಮರೆತೆ ಎನ್ನುತ್ತಾನೆ. ನೀವೇ ಹೇಳಿ, ಆ ಫೋನ್ ರಿಂಗ್ ಆಗುತ್ತಿದ್ದ ಅಷ್ಟು ಹೊತ್ತಿನಲ್ಲಿ ಅವನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?