ಮೊಂಡಾದದ್ದು

ಕರಕರ ಅನ್ನುತ್ತಿದೆ, ದವಡೆಯ ಮೂಲೆಗೆ ಬಂದ ಕೂಡಲೇ ಕರಕರ, ಒಣಹುಲ್ಲಿನ ಮೇಲೆ ಯಾರೋ ಚಪ್ಪಲಿ ಎಳೆದುಕೊಂಡು ಹೋದ ಹಾಗೆ, ಚೂಪಾದ ಬ್ಲೇಡು ಹೀಗೆ ಸದ್ದು ಮಾಡುವುದಿಲ್ಲ, ಸರ್ರನೆ ಹೋಗುತ್ತದೆ, ನೊರೆ ಸರಿದದ್ದಷ್ಟೇ ಕಾಣುತ್ತದೆ, ಕೂದಲು ಹೋದದ್ದು ಕೂದಲಿಗೇ ಗೊತ್ತಿರುವುದಿಲ್ಲ — ಇದು ಮೊಂಡು, ಇದೂ ಮೊಂಡು, ಈಗ ತಾನೇ ಕಾಗದ ಬಿಚ್ಚಿ, ಅರ್ಧಕ್ಕೆ ಮುರಿದು ಹಿಡಿಗೆ ಸಿಕ್ಕಿಸಿದ ಹೊಸ ಬ್ಲೇಡು, ಹೆಬ್ಬೆರಳನ್ನು ಅಂಚಿಗೆ ಅಡ್ಡವಾಗಿ ಸವರಿ ನೋಡಿದೆ, ಕಚ್ಚಲಿಲ್ಲ, ಒತ್ತಿ ಸವರಿದೆ, ಊಹೂಂ, ಏನೆಂದರೆ ಏನೂ ಇಲ್ಲ, ಸೀರೆಯ ಅಂಚು ಮುಟ್ಟಿದ ಹಾಗೆ. ಕಾಲ ಕೆಟ್ಟಿತು, ಬ್ಲೇಡು ಮಾಡುವವರಿಗೂ ನಿಯತ್ತಿಲ್ಲ. ತಾಳು, ಬದಲಾಯಿಸ್ತೀನಿ ಅಂದೆ. ಪರವಾಗಿಲ್ಲ ಅಣ್ಣ, ಹಾಗೇ ಮಾಡು ಅಂದ ತಮ್ಮ, ಕಣ್ಣು ಮುಚ್ಚಿಕೊಂಡೇ. ಪರವಾಗಿಲ್ಲವಂತೆ, ಗುರುವಿಗೇ ತಿರುಮಂತ್ರ. ಅಂಗಡಿಗೆ ಇವತ್ತು ವಾರದ ರಜೆ, ಶಟರ್ ಅರ್ಧಕ್ಕೆ ಎಳೆದಿದೆ, ಅದರ ಕೆಳಗಿನಿಂದ ನುಗ್ಗಿದ ಬಿಸಿಲು ಅವನ ಕಾಲ ಹತ್ತಿರ ಬಿದ್ದಿದೆ, ಬೂಟಿನ ಮೇಲೆ — ಬೂಟು ಯಾಕೆ ಹಾಕಿಕೊಂಡು ಬಂದ ಇವನು, ರಜೆಯ ದಿನ, ಮನೆಗೂ ಅಂಗಡಿಗೂ ನಡುವೆ ಒಂದು ಗೋಡೆ, ವರ್ಷವಿಡೀ ರಬ್ಬರ್ ಚಪ್ಪಲಿ ಪಟಪಟ ಬಡಿಸಿಕೊಂಡು ಓಡಾಡುವವನು ಇವತ್ತು ಲೇಸು ಬಿಗಿದು, ಪಾಲಿಶ್ ಹಾಕಿ, ಮದುವೆಮನೆಗೆ ಹೊರಟ ಹಾಗೆ. ಹೋಗಲಿ, ಆಮೇಲೆ ಎಲ್ಲಿಗೋ ಹೋಗುವುದಿರಬಹುದು, ನನಗೆ ಬೇಕಾದದ್ದು ಅವನ ಮುಖ, ಕಾಲು ಕಟ್ಟಿಕೊಂಡು ನನಗೇನು. ನಿನ್ನೆ ಊಟಕ್ಕೆ ಕೂತಾಗ ತಟ್ಟೆ ಸರಿಸಿ ನಾನೇ ಹೇಳಿದೆ, ನಾಳೆ ನಿನ್ನ ಮುಖ ನನಗೆ ಕೊಡು, ನಾನು ಶೇವ್ ಮಾಡ್ತೀನಿ, ಮಾಡಿದ್ಮೇಲೆ ನೀನೇ ಹೇಳು, ಉರೀತು ಅಂದ್ರೆ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಗಲ್ಲಾದಲ್ಲಿ ಕೂತ್ಕೋತೀನಿ, ಉರೀಲಿಲ್ಲ ಅಂದ್ರೆ ಇನ್ನೊಂದು ಸಲ ಆ ಮಾತು ಈ ಮನೇಲಿ ಎತ್ತಬಾರ್ದು. ಬಾಗಿಲ ಪಕ್ಕದ ಕುರ್ಚಿ ಅಪ್ಪನದು, ಅಪ್ಪನ ನಂತರ ನನ್ನದು, ಅದನ್ನು ಬಿಟ್ಟು ನಾನು ಬನ್ನಿ ಸಾರ್, ಕೂತ್ಕೊಳ್ಳಿ ಸಾರ್ ಅನ್ನುತ್ತಾ ಕೈಮೇಲೆ ಕೈಯಿಟ್ಟು ಕೂರಬೇಕಂತೆ, ಬೆದರುಬೊಂಬೆಗೂ ಒಂದು ಕೆಲಸ ಅಂತ ಇರುತ್ತದೆ.

ಎಲ್ಲ ಶುರುವಾದದ್ದು ಆ ಮೇಷ್ಟ್ರಿಂದ, ಕೆನ್ನೆಯಲ್ಲಿ ಮಾಂಸವೇ ಇಲ್ಲದ ಮನುಷ್ಯ, ಆ ಹಳ್ಳದೊಳಗೆ ನಾಲಿಗೆ ಒತ್ತಿಸಿಕೊಂಡು ಶೇವ್ ಮಾಡಬೇಕು, ಇಷ್ಟು ವರ್ಷ ನನ್ನ ಕುರ್ಚಿ ಬಿಟ್ಟು ಬೇರೆಲ್ಲೂ ಕೂತವರಲ್ಲ, ಒಂದು ದಿನ ಬಾಗಿಲಲ್ಲೇ ನಿಂತು, ಇವತ್ತು ಸ್ವಲ್ಪ ಅರ್ಜೆಂಟು, ತಮ್ಮನ ಹತ್ರಾನೇ ಕೂರ್ತೀನಿ ಅಂದರು. ತಮ್ಮನಿಗೆ ನಾಲ್ಕು ಜನ ಕಾಯುತ್ತಿದ್ದರು, ನನ್ನ ಕುರ್ಚಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಎಂಥ ಅರ್ಜೆಂಟಪ್ಪ ಅದು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುವಷ್ಟು ಅರ್ಜೆಂಟು. ಅವರ ಹಿಂದೆ ಔಷಧಿ ಅಂಗಡಿಯವನು, ಅವನ ಹಿಂದೆ ಅವನ ಅಳಿಯ, ಒಂದು ಕುರಿ ಹೋದ ದಾರಿಯಲ್ಲೇ ಇನ್ನೊಂದು. ಬ್ಲೇಡು ಸರಿಯಿಲ್ಲ ಕಣ್ರೋ ಎಂದು ನಾನು ಬಾಯಿ ಬಡಿದುಕೊಂಡರೆ, ಅಡುಗೆಮನೆಯಿಂದ ತಮ್ಮನ ಹೆಂಡತಿ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಪಾತ್ರೆ ಉಜ್ಜುತ್ತಾ ಪಾತ್ರೆಗೆ ಹೇಳಿದ ಹಾಗೆ — ಪಾತ್ರೆಗೆ ಯಾಕಮ್ಮ ಗಾದೆ. ಅವಳೇ ಬೆಳಿಗ್ಗೆ ಟೀ ಕೊಡುವಾಗ, ಭಾವ, ಲೋಟ ಬಿಸಿ ಇದೆ, ಬಟ್ಟೇಲಿ ಹಿಡ್ಕೊಳ್ಳಿ ಅನ್ನುತ್ತಾಳೆ, ನಾನು ಬರಿಗೈಯಲ್ಲಿ ಸ್ಟೀಲ್ ಲೋಟ ಹಿಡಿದು, ಅವಳ ಮುಖ ನೋಡಿಕೊಂಡೇ ಗುಟುಕು ಗುಟುಕಾಗಿ ಕುಡಿಯುತ್ತೇನೆ, ನೋಡಿಕೋ, ಈ ಕೈಗೆ ವಯಸ್ಸಾಯಿತು ಅಂದೆಯಲ್ಲ, ನೋಡಿಕೋ. ಅವಳು ಗಂಡನ ಕಡೆ ನೋಡುತ್ತಾಳೆ, ಗಂಡ ತನ್ನ ಲೋಟದೊಳಗೆ ನೋಡುತ್ತಾನೆ. ಸೇರಿಕೊಂಡಿದ್ದಾರೆ ಇಬ್ಬರೂ. ಕೈ ನಡುಗುತ್ತದೆಯಾ ನಂದು? ಇಲ್ಲ. ಕಣ್ಣು ಮಂಜಾಗಿದೆಯಾ? ಸೂಜಿಗೆ ದಾರ ಪೋಣಿಸಿ ತೋರಿಸಲಾ? ಕೈ ಕಲ್ಲಿನ ಹಾಗಿದೆ, ಅಪ್ಪನ ಕೈಯಾದರೂ ಕೊನೆಕೊನೆಗೆ ನಡುಗುತ್ತಿತ್ತು. ಅಪ್ಪ ಹೇಳಿಕೊಟ್ಟದ್ದು ಎರಡೇ ಗುರುತು, ಕತ್ತಿ ಮುಖಕ್ಕಿಡೋ ಮುಂಚೆ ನಿನ್ನ ಹೆಬ್ಬೆರಳನ್ನ ಕೇಳು, ಇಟ್ಟ ಮೇಲೆ ಗಿರಾಕಿಯ ಕಾಲ್ಬೆರಳನ್ನ ಕೇಳು, ಮುಖಾನ ಮಾತ್ರ ಕೇಳಬೇಡ ಕಣೋ, ಮುಖ ಮರ್ಯಾದೆಗೆ ಸುಳ್ಳು ಹೇಳುತ್ತೆ, ಕಾಲ್ಬೆರಳಿಗೆ ಮರ್ಯಾದೆ ಇಲ್ಲ. ನಿಜ, ಕತ್ತಿ ಮೊಂಡಾಗಿದ್ದರೆ ಎಂಥ ಗಟ್ಟಿಗನ ಕಾಲ್ಬೆರಳೂ ಚಪ್ಪಲಿಯ ಮೇಲೆ ಮಡಚಿಕೊಳ್ಳುತ್ತದೆ, ಬಾಯಿ ಚೆನ್ನಾಗಿದೆ ಅನ್ನುತ್ತಿರುತ್ತದೆ, ಬೆರಳು ಚಪ್ಪಲಿ ಗೀರುತ್ತಿರುತ್ತದೆ. ಮೇಷ್ಟ್ರ ಕಾಲು ನೋಡಲಿಲ್ಲವಾ ನಾನು? ನೋಡಿದ್ದೆ. ಮಡಚಿತು, ಬ್ಲೇಡು ಬದಲಾಯಿಸಿದೆ, ಮತ್ತೆ ಮಡಚಿತು, ಮತ್ತೆ ಬದಲಾಯಿಸಿದೆ, ಇನ್ನೇನು ಮಾಡಬೇಕಿತ್ತು, ಬ್ಲೇಡನ್ನು ನಾನೇ ಕುಲುಮೆಯಲ್ಲಿ ಕಾಯಿಸಿ ಬಡಿಯಬೇಕಿತ್ತಾ.

ತಲೆ ಈ ಕಡೆ ತಿರುಗಿಸು ಅಂದೆ, ತಿರುಗಿಸಿದ, ಚಿಕ್ಕವನಿದ್ದಾಗಲೂ ಹೀಗೆ, ಹೇಳಿದ ಕಡೆಗೆ ಕತ್ತು. ಅಪ್ಪ ಹೋದಾಗ ಇವನ ಮೂಗು ಒರೆಸುತ್ತಿದ್ದದ್ದು ನಾನು, ಇವನ ಕೈಗೆ ಕತ್ತಿ ಕೊಟ್ಟದ್ದು ನಾನು, ಕಲಿಯಲು ಯಾವ ಗಿರಾಕಿ ಮುಖ ಕೊಡುತ್ತಾನೆ, ನನ್ನ ಮುಖ ಕೊಟ್ಟೆ. ಅಯ್ಯಯ್ಯೋ ಆ ಮೊದಲ ದಿನ, ಕೆರೆಯಲಿಲ್ಲ, ಕಳೆ ಕಿತ್ತ ಹಾಗೆ ಕಿತ್ತ, ನಾನು ಹಲ್ಲು ಕಚ್ಚಿ ಕೂತಿದ್ದೆ, ಮುಖ ನೆಟ್ಟಗೆ ಇಟ್ಟಿದ್ದೆ, ಆದರೆ ಈ ಕಳ್ಳನಿಗೆ ಅಪ್ಪನ ಮಾತು ಆಗಲೇ ಹೇಳಿಬಿಟ್ಟಿದ್ದೆನಲ್ಲ, ಬಗ್ಗಿ ನನ್ನ ಕಾಲು ನೋಡಿದ, ಕತ್ತಿ ಕೆಳಗಿಟ್ಟು ಅಳಲು ಶುರುಮಾಡಿದ, ಅಣ್ಣಂಗೆ ನೋಯ್ತಿದೆ, ನಾ ಮಾಡಲ್ಲ, ನಂಗೀ ಕೆಲಸ ಬೇಡ. ಮಾರನೆಯ ದಿನ ಅಟ್ಟದಿಂದ ಅಪ್ಪನ ಹಳೇ ಬೂಟು ಇಳಿಸಿದೆ, ಬಲು ದೊಡ್ಡದು, ತುದಿಗೆ ಚಿಂದಿ ತುರುಕಿ ಕಾಲಿಗೆ ಏರಿಸಿಕೊಂಡು, ಹೊರಗೆ ಹೋಗೋದಿದೆ ಬೇಗ ಮಾಡೋ ಅಂತ ಸುಳ್ಳು ಹೇಳಿ, ಇದೇ ಕುರ್ಚಿಯಲ್ಲಿ ರಾಜನ ಹಾಗೆ ಕೂತೆ. ಕಾಲು ನೋಡಿದ, ಏನೂ ಕಾಣಲಿಲ್ಲ, ಧೈರ್ಯ ಬಂತು, ಕೈ ಹಗುರವಾಯಿತು, ಬೂಟಿನೊಳಗೆ ನನ್ನ ಬೆರಳು ಚಿಂದಿಯನ್ನು ಹಿಂಡುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು. ಉರೀತಾ ಅಣ್ಣ ಅಂದ. ಹೂವು ಸವರಿದ ಹಾಗಿತ್ತು ಕಣೋ ಅಂದೆ. ಆ ಸುಳ್ಳಿನ ಗುರುತು ಇನ್ನೂ ನನ್ನ ಗಲ್ಲದ ಕೆಳಗಿದೆ, ಅಲ್ಲಿ ಕೂದಲು ಬೆಳೆಯುವುದಿಲ್ಲ. ಹಾಗೆ ಕಲಿಸಿದವನಿಗೆ ಇವನು ಗಲ್ಲಾದ ಸ್ಟೂಲು ತೋರಿಸುತ್ತಾನೆ, ಹತ್ತಿದ ಏಣಿ ಒದೆಯುವುದು ಅಂದರೆ ಇದೇ, ನಿಂಗೂ ರೆಸ್ಟ್ ಬೇಕಲ್ವಾ ಅಣ್ಣ, ಅಂತ ಜೇನು ಹಚ್ಚಿದ ಮಾತು ಬೇರೆ, ಥೂ.

ಕೆಂಪು. ನೊರೆಯಲ್ಲಿ ಕೆಂಪು ಎಳೆ, ಕಿವಿಯ ಕೆಳಗೆ — ಕೊಯ್ದೆನಾ, ಎಂದಾದರೂ ಕೊಯ್ದಿದ್ದೇನಾ, ಈ ಕುರ್ಚಿಯಲ್ಲಿ ರಕ್ತ ಬಿದ್ದದ್ದುಂಟಾ — ಟವೆಲಿನಿಂದ ಒರೆಸಿದೆ, ಚರ್ಮ ಕೆಂಡದ ಹಾಗೆ ಕೆಂಪಾಗಿದೆ, ಆದರೆ ಗಾಯವಿಲ್ಲ, ಮತ್ತೆ ಒರೆಸಿದೆ, ಗಾಯವಿಲ್ಲ, ಕೆಂಪು ಮಾತ್ರ ಮತ್ತೆ ಬಂತು, ನಾನು ಮುಟ್ಟಿದಲ್ಲೆಲ್ಲ ಬಂತು. ಅಣ್ಣ, ನಿನ್ನ ಬೆರಳು ಅಂದ ಮೆಲ್ಲಗೆ. ಹೆಬ್ಬೆರಳು ತಿರುಗಿಸಿ ನೋಡಿದೆ, ಅಡ್ಡಡ್ಡ ಗೀರುಗಳು, ಸವರಿ ನೋಡಿದಷ್ಟು ಸಲ ಗೀರು, ಹೊಸ ಗೀರಿನ ಕೆಳಗೆ ನಿನ್ನೆಯದು, ಅದರ ಕೆಳಗೆ ಮೊನ್ನೆಯದು, ಒಂದೊಂದರ ಬಾಯಿಯೂ ತೆರೆದಿದೆ, ರಕ್ತ ಮಣಿಕಟ್ಟಿಗೆ ಇಳಿಯುತ್ತಿದೆ, ನೋವಿಲ್ಲ. ಒತ್ತಿದೆ. ನೋವಿಲ್ಲ. ಪಟಿಕದ ಕಲ್ಲು ತೆಗೆದು ಉಜ್ಜಿದೆ, ಹಾಳಾದ್ದು ಉರಿಯಬೇಕಲ್ಲ, ಎಂಥವನಿಗೂ ಕಣ್ಣಲ್ಲಿ ನೀರು ಬರಬೇಕಲ್ಲ, ಬರಲಿಲ್ಲ. ಟೀ ಲೋಟ. ಬಿಸಿ ಇದೆ ಭಾವ. ಕಸದ ಡಬ್ಬಿಯಲ್ಲಿ ನಾನು ಎಸೆದ ಬ್ಲೇಡುಗಳು ಫಳಫಳ ಹೊಳೆಯುತ್ತಿವೆ, ಅಷ್ಟೂ ಹೊಸವು, ಅಷ್ಟೂ ಚೂಪು. ಕೈ ಕಲ್ಲಿನ ಹಾಗಿದೆ ಅಂದೆನಲ್ಲ, ಕಲ್ಲೇ ಆಗಿದೆ, ಚರ್ಮ ಎಲ್ಲಿದೆ ಅಂತ ಗೊತ್ತಾಗದೆ ಒತ್ತುತ್ತಿದ್ದೇನೆ, ಮೇಷ್ಟ್ರ ಹಳ್ಳದ ಕೆನ್ನೆಯಲ್ಲಿ, ದೇವರೇ, ಎಷ್ಟು ಒತ್ತಿದೆನೋ. ಹೇಳೋ, ಉರೀತಾ, ನಿಜ ಹೇಳು ಅಂದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವನು ಕಣ್ಣು ತೆರೆದ, ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ಹೂವು ಸವರಿದ ಹಾಗಿತ್ತು ಅಣ್ಣ, ಕುರ್ಚಿ ನಿಂದೇ, ಇನ್ನು ಆ ಮಾತು ಬೇಡ. ಗೆದ್ದೆ. ಹೂವು ಸವರಿದ ಹಾಗೆ — ಈ ಮಾತು, ಈ ಮಾತು ಇವನಿಗೆ, ಹಾಗಾದರೆ ಅವತ್ತು, ಅಪ್ಪನ ಬೂಟು, ಚಿಂದಿ, ಅವತ್ತೂ ಗೊತ್ತಿತ್ತಾ ಇವನಿಗೆ, ಗೊತ್ತಿದ್ದೂ ಕಲಿತನಾ. ಆದರೆ ಅವನು ಆಗ ಕಲಿಯುವವನಾಗಿದ್ದನಪ್ಪ, ನನಗೆ ಇನ್ನೇನು ಕಲಿಯಲಿಕ್ಕಿದೆ. ಇನ್ನೊಂದು ಸುತ್ತು, ಕೂದಲಿಗೆ ಎದುರಾಗಿ ಅಂದೆ. ಸಾಕು ಬಿಡಣ್ಣ ಅಂದ, ತೀರ ಬೇಗನೆ ಅಂದುಬಿಟ್ಟ. ತಲೆ ಹಿಂದಕ್ಕೆ ಹಾಕು. ಹಾಕಿದ. ಗಲ್ಲದ ಕೆಳಗೆ ಬ್ಲೇಡು ಇಟ್ಟೆ, ಮುಖ ನೋಡಲಿಲ್ಲ, ಕೆಳಗೆ ನೋಡಿದೆ, ಬಿಸಿಲು, ಪಾಲಿಶು, ಬೂಟಿನ ತುದಿ, ತುದಿಯ ಚರ್ಮ ಒಳಗಿನಿಂದ ಉಬ್ಬಿ ಒಂದು ಗೆರೆ ಬಿತ್ತು, ಬ್ಲೇಡು ಎತ್ತಿದೆ, ಗೆರೆ ಮಾಸಿತು, ಇಟ್ಟೆ, ಗೆರೆ ಬಿತ್ತು, ಎತ್ತಿದೆ, ಮಾಸಿತು, ಇಟ್ಟೆ, ಗೆರೆ