ಒಂದು ಚಿಟಿಕೆ ಮಾಲು

ಗಂಗಾ ಇಟ್ಟಿಗೆ ತಿನ್ನುವುದನ್ನು ನಾನು ನೋಡಿದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ. ತೆಲುಗು ಸೀಮೆಯ ಉಪ್ಪಲ್‌ನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಯಾದಗಿರಿ ಕಡೆಯಿಂದ ಬಂದ ಅನ್ನಮ್ಮ ಅಲ್ಲಿ ಮಾಲು ಕಲಸುತ್ತಿದ್ದಳು. ಸಿಮೆಂಟು, ಮರಳು, ನೀರು ಕೂಡಿಸಿದ ಗಾರೆಗೆ ಅಲ್ಲಿ ಎಲ್ಲರೂ ಮಾಲು ಎನ್ನುತ್ತಾರೆ. ಅವಳ ಸೊಸೆ ಗಂಗಾ ಆರು ತಿಂಗಳ ಬಸುರಿ, ತಗಡಿನ ಶೆಡ್ಡಿನ ನೆರಳಲ್ಲಿ ಕೂತಿರುತ್ತಿದ್ದಳು. ಅವತ್ತು ಅನ್ನಮ್ಮ ಇಟ್ಟಿಗೆ ರಾಶಿಯಲ್ಲಿ ಹುಡುಕಿ, ಚೆನ್ನಾಗಿ ಬೆಂದ ಚೂರೊಂದನ್ನು ಸೆರಗಿನಿಂದ ಒರೆಸಿ ಸೊಸೆಯ ಬಾಯಿಗಿಟ್ಟಳು. ಅಷ್ಟು ಅಕ್ಕರೆಯಿಂದ ಯಾರಾದರೂ ಪೇಡೆ ತಿನ್ನಿಸಿದ್ದನ್ನೂ ನಾನು ನೋಡಿಲ್ಲ.

ನಾನು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಮಣ್ಣು, ಸುಣ್ಣ, ಇಟ್ಟಿಗೆಯ ಮೇಲೆ ಆಸೆ ಹುಟ್ಟುವುದುಂಟು. ಕೆಳಗಿಳಿದು ಹೋದೆ.

"ಬಯಕಿ ಅಕ್ಕೋರೆ," ಎಂದಳು ಅನ್ನಮ್ಮ. ಅವರ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ಬಸುರಿ ಬೇಡಿದ್ದು ಇಲ್ಲ ಅನಬಾರದು. ಅದಕ್ಕ ಚಲೋ ಸುಟ್ಟಿದ್ದು ಆರಿಸಿ ಕೊಡ್ತೀನಿ."

ಗಂಗಾಳ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದೆ. ಕೆಂಪಗಿರಬೇಕಾದ ಒಳಬದಿ ಬಿಳಿಚಿಕೊಂಡಿತ್ತು.

"ಆಸ್ಪತ್ರೆಗೆ ತೋರಿಸಿದಿರಾ?"

"ತೋರಿಸೀವ್ರಿ. ನರ್ಸಮ್ಮ 'ರಕ್ತಂ ತಕ್ಕುವ ಉಂದಿ' ಅಂದ್ಲು. ರಗತ ಕಮ್ಮಿ ಐತಂತ. ಹಂಗಂದಾಕೀನ ಸೂಜಿ ಹಿಡ್ಕೊಂಡು ರಗತ ತೆಗ್ಯಾಕ ಬಂದ್ಲು! ಕಮ್ಮಿ ಇದ್ದದ್ದರಾಗ ಮತ್ತ ತಗದ್ರ ಕೂಸಿಗೇನು ಉಳೀತೈತಿ? ಇಕೀನ ಕೈ ಹಿಡಿದು ಎಬ್ಬಿಸಿಕೊಂಡು ಬಂದುಬಿಟ್ಟೆ."

"ಅತ್ತಿ ನರ್ಸಮ್ಮಗ ಸೊಳ್ಳಿ ಅಂದು ಬೈದ್ಲ್ರಿ," ಗಂಗಾ ನಕ್ಕಳು.

"ಕನ್ನಡದಾಗ ಬೈದೀನಿ, ಅಕಿಗೇನು ತಿಳೀತೈತಿ!"

ನನಗೂ ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಪರೀಕ್ಷೆಯಾಗದೆ ಡಾಕ್ಟರು ಯಾವ ಔಷಧ, ಎಷ್ಟು ಎಂದು ತೀರ್ಮಾನಿಸುವಂತಿರಲಿಲ್ಲ. ಹೀಗೇ ಬಿಟ್ಟರೆ ಹೆರಿಗೆಯ ಹೊತ್ತಿನಲ್ಲಿ ತಾಯಿ, ಮಗು ಇಬ್ಬರಿಗೂ ಅಪಾಯ.

"ಅನ್ನಮ್ಮ, ಬಸುರಿಯ ಮೈಯಲ್ಲಿ ರಕ್ತ ಕಡಿಮೆಯಾಗಲ್ಲ, ಹೆಚ್ಚುತ್ತೆ. ಆದರೆ ಹಿಮೋಗ್ಲೋಬಿನ್..." ಎಂದು ಶುರು ಮಾಡಿದೆ.

"ಹೆಚ್ಚಾಗಿದ್ರ ನರ್ಸಮ್ಮ ಕಮ್ಮಿ ಅಂದಿದ್ಯಾಕ?"

ತಪ್ಪು ಅವಳದಲ್ಲ. ತೆಲುಗಿನಲ್ಲೂ ಕನ್ನಡದಲ್ಲೂ ನಾವೆಲ್ಲ 'ರಕ್ತ ಕಡಿಮೆ' ಎಂದೇ ಹೇಳುತ್ತಿದ್ದೆವು.

ಅಷ್ಟರಲ್ಲಿ ಗೋಡೆ ಕಟ್ಟುತ್ತಿದ್ದ ಅನ್ನಮ್ಮನ ಮಗ ಹುಲಗೇಶ ಮೇಲಿನಿಂದ ಕೂಗಿದ: "ಯವ್ವಾ, ಮಾಲು ನಿಲ್ಲವಲ್ದು, ಜಾರಾಕತ್ತೈತಿ!"

ಅನ್ನಮ್ಮ ಬುಟ್ಟಿಯಿಂದ ಒಂದು ಚಿಟಿಕೆ ಮಾಲು ತೆಗೆದು ಬೆರಳ ನಡುವೆ ತಿಕ್ಕಿದಳು. "ನೀರು ಭಾಳ ಆಗೈತಿ. ಸಿಮೆಂಟ್ ಸಾಲದು."

"ಬುಟ್ಟಿ ತುಂಬ ಮಾಲು ಇದೆಯಲ್ಲ ಅನ್ನಮ್ಮ?"

"ಇದ್ರೇನ್ರಿ? ಸಿಮೆಂಟ್ ಇಲ್ದ ಗ್ವಾಡಿ ನಿಲ್ಲತೈತೇನು?"

"ಗಂಗಾಳ ರಕ್ತವೂ ಹಾಗೇ. ಬುಟ್ಟಿ ತುಂಬಿದೆ, ನೀರು ಹೆಚ್ಚಾಗಿದೆ. ರಕ್ತಕ್ಕೆ ಕೆಂಪು ಕೊಡುವ, ಉಸಿರಿನ ಗಾಳಿಯನ್ನು ಹೊತ್ತು ಮಗುವಿನವರೆಗೆ ಮುಟ್ಟಿಸುವ ಸಿಮೆಂಟ್ ಸಾಲುತ್ತಿಲ್ಲ. ಅದು ತಯಾರಾಗೋಕೆ ಕಬ್ಬಿಣದ ಅಂಶ ಬೇಕು. ಇಟ್ಟಿಗೆ ಕೆಂಪಗಿದ್ದರೂ ಮೈಗೆ ಹತ್ತಲ್ಲ."

ಅವಳು ತನ್ನ ಬೆರಳನ್ನೇ ನೋಡುತ್ತ ನಿಂತಳು. "ಅಂದ್ರ ನರ್ಸಮ್ಮ ಮಾಲು ನೋಡಾಕ ಬಂದಿದ್ಲೇನು?"

"ಹೂಂ. ಒಂದು ಚಿಟಿಕೆ."

"ಅಯ್ಯ ದೇವರ! ಸುಮ್ಮಸುಮ್ಮನ ಬೈದ್ನಲ್ಲ!" ಸೆರಗಿನ ಗಂಟು ಬಿಚ್ಚಿ, ಸಂಜೆಗೆಂದು ತೆಗೆದಿಟ್ಟಿದ್ದ ಇನ್ನೊಂದು ಚೂರನ್ನು ರಾಶಿಗೆ ಎಸೆದಳು. ಗಂಗಾಳ ಕಣ್ಣು ಅದರ ಹಿಂದೆಯೇ ಹೋಯಿತು.

ಮರುದಿನ ಮೂವರೂ ಆಸ್ಪತ್ರೆಗೆ ಹೋದೆವು. ಲ್ಯಾಬು ಮೊದಲ ಮಹಡಿಯಲ್ಲಿತ್ತು. ಗಂಗಾಳ ಸೊಂಟಕ್ಕೆ ಕೈ ಆಸರೆ ಕೊಟ್ಟಿದ್ದ ಅನ್ನಮ್ಮ ತಾನೇ ಮೆಟ್ಟಿಲ ನಡುವೆ ನಿಂತು, ಗೋಡೆ ಹಿಡಿದು ಏದುಸಿರು ಬಿಟ್ಟಳು. "ವಯಸ್ಸಾತು ಬಿಡ್ರಿ," ಎಂದಳು.

ಸೂಜಿ ಕಂಡು ಗಂಗಾ ಕಣ್ಣು ಮುಚ್ಚಿಕೊಂಡಳು. ಅನ್ನಮ್ಮ ರೆಪ್ಪೆ ಮಿಟುಕಿಸದೆ ಆ ಸಣ್ಣ ನಳಿಕೆಯನ್ನು ನೋಡಿದಳು.

"ಇಷ್ಟನ?"

"ಇಷ್ಟೇ. ಒಂದು ಚಮಚವೂ ಆಗಲ್ಲ," ಎಂದೆ.

ನರ್ಸು ಹತ್ತಿ ಒತ್ತುತ್ತ ಅನ್ನಮ್ಮನ ಗುರುತು ಹಿಡಿದಳು. ನನ್ನತ್ತ ತಿರುಗಿ, "ಸೊಳ್ಳಿ ಅಂಟೇ ಏಂಟಿ ಮೇಡಂ?" ಎಂದು ಆ ಮಾತಿನ ಅರ್ಥ ಕೇಳಿದಳು.

ಅನ್ನಮ್ಮ ನನ್ನ ಮೊಣಕೈ ಹಿಸುಕಿದಳು. "ಮುದ್ದಿನ ಹೆಸರು ಅನ್ರಿ, ಅಕ್ಕೋರೆ."

ಅಂದೆ. ನರ್ಸು ನಂಬಲಿಲ್ಲ, ಆದರೂ ನಕ್ಕಳು.

ಗಂಗಾ ಎದ್ದಳು. ಆ ಖಾಲಿ ಕುರ್ಚಿಯನ್ನು ಅನ್ನಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೇ ಅದರಲ್ಲಿ ಕೂತು, ಬಳೆಗಳನ್ನು ಹಿಂದಕ್ಕೆ ಸರಿಸಿ, ಸಿಮೆಂಟಿಗೆ ಬಿರಿದ ಕೈಯನ್ನು ಚಾಚಿದಳು.

"ಮೆಟ್ಟಲ ಹತ್ತಿದ್ರ ನನಗೂ ಉಸಿರು ಸಾಲವಲ್ದು. ನಂದೂ ಒಂದು ಚಿಟಿಕಿ ನೋಡಾಕ ಹೇಳ್ರಿ."

ನರ್ಸು ಹೊಸ ಸೂಜಿ ಬಿಚ್ಚುವಾಗ ಅನ್ನಮ್ಮ ಮುಖ ಆಚೆ ತಿರುಗಿಸಿದಳು. ಗಂಗಾ ಬಂದು ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡಳು.

"ಹೆದರಬ್ಯಾಡ ಅತ್ತಿ," ಎಂದಳು, "ಬುಟ್ಟಿ ಏನ್ ಖಾಲಿ ಆಗೂದಿಲ್ಲ."