ಎರಡು ಮನೆಗೊಂದೇ ಚಾವಿ

ಗುರುರಾಜರು ಸಿಟ್ಟಿಗೆದ್ದರೆ ಮಾತು ಬಿಡುತ್ತಿದ್ದರೇ ಹೊರತು ಊಟ ಬಿಟ್ಟವರಲ್ಲ. ಅಂಥವರು ಅಂದು ತಟ್ಟೆಯ ಮುಂದಿನಿಂದ ಎದ್ದು ಊರಿನ ಇನ್ನೊಂದು ತುದಿಯ ಉಪ್ಪಲ್‌ಗೆ ಹೊರಟಾಗ, ವಿಷಯ ಸಣ್ಣದಲ್ಲ ಎಂದು ಹೆಂಡತಿ ಗೋದಾವರಿಗೆ ಗೊತ್ತಾಯಿತು.

ಸಣ್ಣದಲ್ಲ, ನಿಜ. ಹಿಮಾಯತ್‌ನಗರದಲ್ಲಿ ಅವರು ನಡೆಸುವ ರಕ್ತನಿಧಿಯ ಹೆಸರು ಬೆಳಿಗ್ಗೆಯಿಂದ ಯಾವ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಕಾಣುತ್ತಿರಲಿಲ್ಲ. ಇಂಥ ರಕ್ತನಿಧಿಗಳು ತಮ್ಮಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಉಪ್ಪಲ್‌ನ ಒಂದು ಕಂಪನಿಗೆ ಆ್ಯಪ್ ಮೂಲಕ ತಿಳಿಸುತ್ತಿದ್ದವು. ಬೇಕಾದ ಆಸ್ಪತ್ರೆಗಳು ಅಲ್ಲೇ ಹುಡುಕುತ್ತಿದ್ದವು. ಬಂದ ಸುದ್ದಿ ಯಾರ ಆ್ಯಪಿನದು ಎಂದು ಗುರುತಿಸಲು ಕಂಪನಿ ಪ್ರತಿಯೊಬ್ಬರಿಗೂ ಅಕ್ಷರ, ಅಂಕಿಗಳ ಉದ್ದನೆಯ ಗುಟ್ಟಿನ ಸಾಲೊಂದನ್ನು ಕೊಟ್ಟಿತ್ತು. ಗುರುರಾಜರು ಅದನ್ನು ಚಾವಿ ಎನ್ನುತ್ತಿದ್ದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ ಹಟ ಹಿಡಿದು ಕಲಿತು, ತಮ್ಮ ಆ್ಯಪನ್ನು ತಾವೇ ಬರೆದ ಪುಣ್ಯಾತ್ಮ ಅವರು. ಆ ಚಾವಿಯನ್ನು ಕಂಪನಿ ಹೇಳದೆ ಕೇಳದೆ ರದ್ದು ಮಾಡಿತ್ತು. ಮತ್ತೆ ಸಿಗದಿದ್ದರೆ ಫ್ರಿಜ್ಜಿನಲ್ಲಿ ರಕ್ತ ಇದ್ದೂ ಇಲ್ಲದ ಹಾಗೆ.

ಹೊರಗಿನ ಆ್ಯಪ್‌ಗಳಿಗೆ ಚಾವಿ ಕೊಡುವ ಅಧಿಕಾರಿ ಪ್ರಾಜಕ್ತಾ ಎಂಬ ಹುಡುಗಿ. ಗುರುರಾಜರು ತೆಲುಗಿನಲ್ಲಿ ಜಗಳ ಶುರುಮಾಡಿದರು. ಅವಳು ವಿಜಯಪುರದ ಕಡೆಯವಳೆಂದು ತಿಳಿದದ್ದೇ ಕನ್ನಡಕ್ಕೆ ಇಳಿದು ಮೆತ್ತಗಾದರು. ನಮ್ಮ ಕಡೆಯವಳು, ಇನ್ನು ಕೆಲಸ ಆದಂತೆಯೇ ಎಂದುಕೊಂಡರು.

"ಮೊನ್ನೆ ಮಧ್ಯಾಹ್ನ ನಿಮ್ಮಲ್ಲಿ ಬಿ ನೆಗೆಟಿವ್ ಐತಿ ಅಂತ ಬಂದೈತ್ರಿ," ಎಂದು ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. "ಸಂಜಿಗೆ ಅದೇ ಚಾವಿಯಿಂದ ಇಲ್ಲ ಅಂತ ಬಂತು. ಕಡೀಗೆ ಬಂದಿದ್ದೇ ಖರೆ ಅಂತ ಆಸ್ಪತ್ರಿಯವರು ತಿಳಕೊಂಡ್ರು. ಒಬ್ಬ ಬಾಣಂತಿ ಮನಿಯವರು ಊರೆಲ್ಲಾ ಅಲದಾಡ್ಯಾರ. ಬ್ಯಾರೆ ಕಡೆ ರಕ್ತ ಸಿಕ್ತು, ಆಕಿ ಉಳದ್ಲು. ಆದ್ರ ನಿಮ್ಮ ಫ್ರಿಜ್ಜಿನ್ಯಾಗ ಅದು ಹಂಗೇ ಇತ್ತು."

ಗುರುರಾಜರ ಸಿಟ್ಟು ಜರ್ರನೆ ಇಳಿಯಿತು. ಸಂಜೆಯ ಸುದ್ದಿ ಯಾರದೆಂದು ಅವರಿಗೆ ಗೊತ್ತಿತ್ತು. ಮೆಹದಿಪಟ್ಟಣಂನಲ್ಲಿ ತಮ್ಮ ಕಡೆಯ ಹುಡುಗಿ ನಳಿನಿ ಹೊಸದಾಗಿ ರಕ್ತನಿಧಿ ತೆರೆದಾಗ, ಚಾವಿಯ ಕಾಗದಪತ್ರಕ್ಕೆ ಅವಳು ಓಡಾಡುವುದು ಬೇಡವೆಂದು ತಮ್ಮದನ್ನೇ ಅವಳ ಆ್ಯಪಿಗೂ ಹಾಕಿಕೊಟ್ಟಿದ್ದರು. ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿದರೆ ಕೊಡುವಷ್ಟೇ ಸಲೀಸಾಗಿ. ಅಂದಿನಿಂದ ಇಬ್ಬರೂ ಫೋನಿನಲ್ಲಿ ಮಾತಾಡಿ, ಎರಡೂ ಕಡೆಯದನ್ನು ಕೂಡಿಸಿಯೇ ಕಳಿಸುವ ರೂಢಿ. ಮೊನ್ನೆ ಸಂಜೆ ಗುರುರಾಜರು ಮುಂಜಿಯ ಮನೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ನಳಿನಿ ತನ್ನಲ್ಲಿದ್ದದ್ದನ್ನಷ್ಟೇ ಕಳಿಸಿದ್ದಳು, ಅದರಲ್ಲಿ ಬಿ ನೆಗೆಟಿವ್ ಇರಲಿಲ್ಲ.

"ನಳಿನಿ ನಮ್ಮಾಕೀನೇ ಅದಾಳವ್ವಾ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ನಂಬಿಕಿ ಭಾಳ ಐತ್ರಿ ಕಾಕಾ. ಆದ್ರ ಹೇಳಿದವರು ಯಾರು ಅಂತ ಗೊತ್ತಾಗಬೇಕಲ್ರಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಚಾವಿ ಕೊಡ್ತೀನಿ. ಮೊದಲ ಆಕಿ ಆ್ಯಪಿನ್ಯಾಗಿಂದ ನಿಮ್ಮದನ್ನ ತಗೀರಿ. ಅಲ್ಲೀತನಕ ನಿಮ್ಮದೂ ಬಂದ್."

ಮೆಹದಿಪಟ್ಟಣಂ ಬಸ್ಸಿನಲ್ಲಿ ಗುರುರಾಜರಿಗೆ ಮೈಯೆಲ್ಲ ಮುಳ್ಳು. ಕೊಟ್ಟದ್ದನ್ನು ವಾಪಸು ಕೇಳುವುದು ಅವರ ಜನ್ಮದಲ್ಲಿ ಇದೇ ಮೊದಲು. ಪಾಪದ ಹುಡುಗಿ, ಕಾಕಾ ಕೈಬಿಟ್ಟರು ಅಂದುಕೊಳ್ಳುತ್ತಾಳೋ ಏನೋ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ನಳಿನಿ ಎದುರಿಗೆ ಬಂದಾಗ ಒಂದೂ ನೆನಪಾಗದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ನಳಿನಿ ತಲೆ ತಗ್ಗಿಸಿ ಕೂತಳು. ಅಳುತ್ತಾಳೆ ಎಂದುಕೊಂಡರು. ತಲೆ ಎತ್ತಿದಾಗ ಅವಳ ಮುಖದಲ್ಲಿ ಇದ್ದದ್ದು ದುಃಖವಲ್ಲ, ನಾಚಿಕೆ.

"ಹೆಂಗ ಕೇಳ್ಲಿ ಅಂತ ನಾನೂ ಒದ್ದಾಡಾಕತ್ತಿದ್ದೆ ಕಾಕಾ. ಇಲ್ಲಿ ರಕ್ತ ಕೊಟ್ಟವರು, ನಮ್ಮ ಮೆಹದಿಪಟ್ಟಣಂ ಹೆಸರು ಆ ಪಟ್ಟಿಯಾಗ ಎಲ್ಲೈತ್ರಿ ಅಂತ ಕೇಳ್ತಾರ. ಹಿಮಾಯತ್‌ನಗರ ಅಂತ ತೋರಸ್ತೀನಿ. ನೀವು ಇಷ್ಟೆಲ್ಲಾ ಮಾಡೀರಿ, ಮತ್ತ ಹೆಸರು ಬ್ಯಾರೆ ಕೇಳೂದು ಚಂದ ಕಾಣಸಲಿಲ್ಲ."

ಗುರುರಾಜರಿಗೆ ಈಗ ಹೊಳೆಯಿತು. ಇಷ್ಟು ದಿನ ಉಪಕಾರ ಮಾಡಿದೆನೆಂದು ಬೀಗಿದ್ದೇ ಬಂತು. ಇವಳ ದುಡಿಮೆಯೆಲ್ಲ ತಮ್ಮ ಬೋರ್ಡಿನಡಿ ಅಡಗಿ ಕೂತಿತ್ತು. ಹಿಮಾಯತ್‌ನಗರದಲ್ಲಿ ಏನೆಲ್ಲ ರಕ್ತ ಸಿಗುತ್ತದೆ ಎಂದು ಜನ ಹೊಗಳಿದಾಗ ತಾವು ಸುಮ್ಮನೆ ನಕ್ಕದ್ದೂ ನೆನಪಾಯಿತು.

ಇಬ್ಬರೂ ಕೂತು ಹಳೆಯ ಚಾವಿ ತೆಗೆದರು. ಪ್ರಾಜಕ್ತಾಳಿಗೆ ಫೋನ್ ಮಾಡಿದ ಮೇಲೆ ಗುರುರಾಜರು ಮೊದಲು ತಮ್ಮ ಹೊಸ ಚಾವಿಯನ್ನು ಆ್ಯಪಿಗೆ ಹಾಕಿಕೊಂಡರು, ಆಮೇಲೆ ನಳಿನಿಯ ಪರದೆಗೆ ಅವಳದು ಬಂತು. ಒಂದೇ ಸಲ ಕಾಣುತ್ತದೆ, ಬೇರೆ ಯಾರಿಗೂ ತೋರಿಸಬೇಡಿ ಎಂದು ಪ್ರಾಜಕ್ತಾ ಫೋನಿನಲ್ಲಿ ಇನ್ನೂ ಹೇಳುತ್ತಿದ್ದಳು. ಗುರುರಾಜರು ಕನ್ನಡಕ ಏರಿಸಿ, ಇಲಾಖೆಯಲ್ಲಿ ಮೀಟರ್ ನಂಬರ್ ಓದಿ ಬರೆಸುತ್ತಿದ್ದ ಗತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದತೊಡಗಿದ್ದರು.

ನಳಿನಿ ಎರಡೂ ಕೈಯಿಂದ ಪರದೆ ಮುಚ್ಚಿದಳು. "ಕಾಕಾ, ಆಕಡೆ ತಿರುಗ್ರಿ."

ಗುರುರಾಜರು ಗೋಡೆಯ ಕಡೆ ತಿರುಗಿ ನಿಂತರು. ಅವರಿಗೇ ನಗು ಬಂತು.

ಕರೆದಾಗ ತಿರುಗಿ ನೋಡಿದರು. ಆಸ್ಪತ್ರೆಗಳಿಗೆ ಕಾಣುವ ಪಟ್ಟಿಯಲ್ಲಿ ಹಿಮಾಯತ್‌ನಗರದ ಕೆಳಗೆ ಮೆಹದಿಪಟ್ಟಣಂ ಎಂದು ಬೇರೆ ಸಾಲು ಮೂಡಿತ್ತು, ಪಕ್ಕದಲ್ಲಿ ನಳಿನಿಯ ನಂಬರು. ಅವಳು ಆ ಸಾಲನ್ನೇ ನೋಡುತ್ತಿದ್ದಂತೆ ಅವಳ ಫೋನ್ ಹೊಡೆದುಕೊಂಡಿತು. ಯಾವುದೋ ಆಸ್ಪತ್ರೆಯ ನಂಬರು. ಇಂಥ ಫೋನುಗಳೆಲ್ಲ ಈವರೆಗೆ ಗುರುರಾಜರಿಗೇ ಬರುತ್ತಿದ್ದವು. ನಳಿನಿ ಫೋನನ್ನು ಅವರತ್ತ ಚಾಚಿದಳು.

ಗುರುರಾಜರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಿನಗ ಬಂದೈತಿ. ನೀನ ಎತ್ತವ್ವಾ."